ಐದಕ್ಕಿಂತ ಕಡಿಮೆ

ಹೊಸ ಕಂಪ್ಯೂಟರುಗಳು ಸಿಗುವುದು ನಿಂತು ಇಪ್ಪತ್ತೆರಡು ವರ್ಷಗಳಾಗಿದ್ದವು. ಚಿಪ್ ತಯಾರಿಸುವ ದೇಶಗಳು ಒಂದರ ಹಿಂದೊಂದು ಬಾಗಿಲು ಹಾಕಿಕೊಂಡ ಮೇಲೆ, ಇದ್ದುದನ್ನೇ ಜೋಪಾನ ಮಾಡಿ ಬಳಸುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಪಂಚಾಯಿತಿ, ಶಾಲೆ, ದವಾಖಾನೆ, ಹೊಲಿಗೆ ಕೇಂದ್ರ, ಮನೆ ಎಲ್ಲ ಸೇರಿ ರಾಜ್ಯದಲ್ಲಿ ಉಳಿದಿದ್ದ ನಲವತ್ತು ಲಕ್ಷ ಮುದಿ ಯಂತ್ರಗಳು ‘ಸಂಪಿಗೆ’ ಎಂಬ ಒಂದೇ ಕಾರ್ಯವ್ಯವಸ್ಥೆಯ ಮೇಲೆ ಹೇಗೋ ಉಸಿರು ಹಿಡಿದುಕೊಂಡಿದ್ದವು. ಆ ಸಂಪಿಗೆಯ ತಿರುಳು, ಎಂದರೆ ಕರ್ನಲ್, ಧಾರವಾಡದ ಮಾಳಮಡ್ಡಿಯ ಒಂದು ಹಂಚಿನ ಕಟ್ಟಡದಲ್ಲಿ ತಯಾರಾಗುತ್ತಿತ್ತು. ಅಲ್ಲಿಯ ಹಿರಿಯ ಇಂಜಿನಿಯರು ದಾಕ್ಷಾಯಣಿ ಬೆಲ್ಲದ. ವಯಸ್ಸು ಐವತ್ತಾರು, ಮದುವೆ ಆಗಿಲ್ಲ. ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ.

ತಿರುಳಿಗೆ ಸಿಗುವ ಜಾಗ ಬಹಳ ಚಿಕ್ಕದು. ಯಂತ್ರಕ್ಕೆ ಪ್ರಿಂಟರು ಚುಚ್ಚಿದರೂ ಅಷ್ಟೆ, ರೇಷನ್ ಅಂಗಡಿಯ ತಕ್ಕಡಿ ಚುಚ್ಚಿದರೂ ಅಷ್ಟೆ, ಆ ಸಾಧನದ ಭಾಷೆ ಬಲ್ಲ ಒಂದು ಡ್ರೈವರ್ ತಿರುಳಿನೊಳಗೆ ಮೊದಲೇ ಕೂತಿರಬೇಕು. ಡ್ರೈವರುಗಳು ಸಾವಿರಾರು. ಎಲ್ಲರನ್ನೂ ಕೂರಿಸಿಕೊಂಡರೆ ಮುದಿ ಯಂತ್ರ ಏಳುವುದೇ ಇಲ್ಲ. ಅದಕ್ಕೇ ‘ಮೊರ’ ಎಂಬ ಸಣ್ಣ ಕ್ರಮವಿಧಿ. ಯಾವ ಡ್ರೈವರಿಗೆ ಇವತ್ತು ಎಷ್ಟು ಸಲ ಕೆಲಸ ಬಿತ್ತು ಎಂಬ ಲೆಕ್ಕವನ್ನು ಅದು ಪ್ರತಿ ಯಂತ್ರದಿಂದ ಧಾರವಾಡಕ್ಕೆ ಕಳಿಸುತ್ತಿತ್ತು. ವರ್ಷಕ್ಕೊಮ್ಮೆ ಆ ಲೆಕ್ಕ ಹಿಡಿದು ಕೇರುತ್ತಿದ್ದರು. ಯಾರಿಗೂ ಬೇಡವಾದ ಡ್ರೈವರ್ ಹೊಟ್ಟಾಗಿ ಹಾರಿ ಹೋಗುತ್ತಿತ್ತು, ಕಾಳು ಉಳಿಯುತ್ತಿತ್ತು.

ಮೊರಕ್ಕೆ ಎರಡು ಕಟ್ಟಳೆಗಳಿದ್ದವು. ಎರಡನ್ನೂ ಬರೆದವಳು ದಾಕ್ಷಾಯಣಿಯೇ. ಜನರಿಂದ ಏನೇನು ಲೆಕ್ಕ ತೆಗೆದುಕೊಂಡೆವು ಎಂಬುದನ್ನು ದಿನಾ ಮುಂಜಾನೆ ಎಂಟಕ್ಕೆ ಎಲ್ಲರೂ ನೋಡುವ ಹಾಗೆ ಪ್ರಕಟಿಸಬೇಕು ಎಂಬುದು ಒಂದು. ಯಾವುದೇ ಸಾಧನ ಐದಕ್ಕಿಂತ ಕಡಿಮೆ ಯಂತ್ರಗಳಲ್ಲಿದ್ದರೆ ನಿಖರ ಸಂಖ್ಯೆಯನ್ನೂ ಊರನ್ನೂ ತೋರಿಸಬಾರದು ಎಂಬುದು ಇನ್ನೊಂದು. ಯಂತ್ರಗಳ ಲೆಕ್ಕದಲ್ಲಿ ‘ಐದಕ್ಕಿಂತ ಕಡಿಮೆ’ ಎಂದಷ್ಟೇ ಬರುತ್ತಿತ್ತು, ಎಷ್ಟು ಸಲ ಬಳಸಿದರು ಎಂಬ ಎಣಿಕೆ ಮಾತ್ರ ಇದ್ದ ಹಾಗೇ ಬರುತ್ತಿತ್ತು.

ಆ ವರ್ಷ ಹೊಸದೊಂದು ಡ್ರೈವರಿಗೆ ಜಾಗ ಬೇಕಾಗಿತ್ತು. ಹಸುಗೂಸಿನ ಎದೆಗೆ ಕಟ್ಟುವ ಒಂದು ಪಟ್ಟಿ ಬಂದಿತ್ತು. ಕೂಸು ಉಸಿರು ತಪ್ಪಿದರೆ ಅದು ಯಂತ್ರದ ಮೂಲಕ ನರ್ಸಮ್ಮನನ್ನು ಕೂಗುತ್ತಿತ್ತು. ಹಳ್ಳಿ ದವಾಖಾನೆಗಳು ಅದಕ್ಕಾಗಿ ಬೆನ್ನು ಹತ್ತಿದ್ದವು. ದಾಕ್ಷಾಯಣಿಯೊಂದಿಗೆ ಇಪ್ಪತ್ತು ವರ್ಷ ಕೆಲಸ ಮಾಡಿದ ಗುರುರಾಜ ದೇಸಾಯಿ ಮೊರದ ಲೆಕ್ಕದ ಪಟ್ಟಿ ಹಿಡಿದುಕೊಂಡು ಅವಳ ಮೇಜಿನ ಮುಂದೆ ಬಂದು ಕೂತ.

“ಮೇಡಮ್, ಈ ಸಲ ಸೊನ್ನಿ ಒಂದೂ ಇಲ್ರಿ. ಎಲ್ಲಾ ಡ್ರೈವರಗೋಳೂ ಜೀವಂತ ಇದ್ದಾವ.”

“ಹೊಟ್ಟು ಇಲ್ಲದ ರಾಶಿ ಎಲ್ಲಿಂದ ಬಂತ್ರಿ ದೇಸಾಯಿ? ಇರ್ಲಿ. ಎಲ್ಲಕ್ಕಿಂತ ಕೆಳಗ ಯಾವದೈತಿ?”

“ಕಸೂತಿ ಹಲಗಿ ಅಂತ ಒಂದದ. ಯಂತ್ರ, ಐದಕ್ಕಿಂತ ಕಡಿಮಿ. ದಿನಕ್ಕ ಒಂದ ಸಲ. ಸಂಜೀ ಆರೂ ನಲವತ್ತರ ಸುಮಾರಿಗೆ. ರವಿವಾರ ರಜಾ.”

ದಾಕ್ಷಾಯಣಿ ಪಟ್ಟಿಯನ್ನು ಅವನ ಕೈಯಿಂದ ಇಸಿದುಕೊಂಡಳು. ಡ್ರೈವರ್ ಬರೆದವರ ಹೆಸರಿನ ಅಂಕಣದಲ್ಲಿ ಪ್ರಭುಲಿಂಗ ಕಮ್ಮಾರ ಎಂದಿತ್ತು. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಹೆಸರು ಅಲ್ಲೇ ಇತ್ತು.

“ಎಷ್ಟ ದಿನದಿಂದ ಹಿಂಗೈತಿ?”

ದೇಸಾಯಿ ಹಳೆಯ ಪಟ್ಟಿಗಳನ್ನು ತಿರುವಿ ನೋಡಿ ಹೇಳಿದ. “ಹದಿನೈದ ವರ್ಷ ಆತ್ರಿ. ಇದೇ ಸಾಲು. ನಾವು ಸೊನ್ನಿ ಇದ್ದದ್ದಷ್ಟ ನೋಡ್ತಿದ್ವಿ, ಇದು ಕಣ್ಣಿಗೆ ಬಿದ್ದಿಲ್ಲ.”

ಹದಿನೈದು ವರ್ಷ ದಿನಾ ಮುಂಜಾನೆ ತನ್ನದೇ ಸಹಿಯ ಕೆಳಗೆ ಆ ಸಾಲು ಪ್ರಕಟವಾಗಿತ್ತು. ಒಂದು ದಿನವೂ ಅವಳು ಓದಿರಲಿಲ್ಲ. ದಾಕ್ಷಾಯಣಿಗೆ ಅಂದು ಬೇರೆ ಯಾವ ಕೆಲಸವೂ ಕೈಹತ್ತಲಿಲ್ಲ.

ಮನೆಗೆ ಹೋದಾಗ ಅಕ್ಕ ಗಂಗಕ್ಕ ರೊಟ್ಟಿ ಬಡಿಯುತ್ತಿದ್ದಳು. ಗಂಡ ತೀರಿದ ಮೇಲೆ ತಂಗಿಯ ಜೊತೆಗೇ ಇದ್ದ ಗಂಗಕ್ಕನಿಗೆ ತಂಗಿಯ ಕೆಲಸದ ಬಗ್ಗೆ ಒಂದೇ ಒಂದು ತಮಾಷೆ ಗೊತ್ತಿತ್ತು. ಅದನ್ನು ಆಕೆ ಬೇಸರವಿಲ್ಲದೆ ದಿನಾ ಹೇಳುತ್ತಿದ್ದಳು.

“ಇವತ್ತ ಎಷ್ಟ ಮಂದಿ ಡ್ರೈವರನ್ನ ಕೆಲಸದಿಂದ ತಗದೀಬೇ? ತಗ್ಯೂಕಿಂತ ಮೊದಲ ಒಬ್ಬನ್ನರ ಗಾಡಿ ಕೊಟ್ಟ ಕಳಸು, ನನ್ನ ಸಂತಿಗೆ ಬಿಟ್ಟ ಬರ್ಲಿ.”

ದಾಕ್ಷಾಯಣಿ ನಗಲಿಲ್ಲ. ಕೈಕಾಲು ತೊಳೆಯದೆ ಅಡಿಗೆಮನೆಯ ಹೊಸ್ತಿಲ ಮೇಲೆಯೇ ಕೂತಳು. “ಅಕ್ಕಾ, ಪ್ರಭುಲಿಂಗರ ಹಲಗಿ ಯಾರೋ ಇನ್ನೂ ಬಳಸಾಕತ್ತಾರ.”

ಗಂಗಕ್ಕ ಬಡಿಯುವುದನ್ನು ನಿಲ್ಲಿಸಿದಳು.

ಪ್ರಭುಲಿಂಗ ಹತ್ತೊಂಬತ್ತು ವರ್ಷಗಳ ಹಿಂದೆ ದಾಕ್ಷಾಯಣಿಯ ಪಕ್ಕದ ಮೇಜಿನಲ್ಲಿ ಕೂಡುತ್ತಿದ್ದ. ಕುಲುಮೆಯ ಮನೆಯಿಂದ ಬಂದವನು, ಬೆರಳುಗಳು ದಪ್ಪ, ಕೆಲಸ ಮಾತ್ರ ನವಿರು. ಅವನ ತಾಯಿ ಇಳಕಲ್ ಸೀರೆಗಳಿಗೆ ಕಸೂತಿ ಹಾಕುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಗಂಟು ಹಾಕುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಕಣ್ಣು ಮಂಜಾದವರ ಕೈ ಅಲ್ಲಿಗೆ ನಿಂತಂತೆಯೇ. ಅಂಥವರಿಗಾಗಿ ಅವನು ಅಂಗೈಯಗಲದ ಒಂದು ಹಲಗೆ ಮಾಡಿದ. ಬಟ್ಟೆಯ ಕೆಳಗೆ ಅದನ್ನು ಹಿಡಿದರೆ, ಸೂಜಿ ದಾಟಿದ ಎಳೆಗಳನ್ನು ಯಂತ್ರ ಎಣಿಸಿ ಪ್ರತಿ ನಾಲ್ಕಕ್ಕೆ ಬೆರಳಿಗೆ ಮೆಲ್ಲಗೆ ತಟ್ಟುತ್ತಿತ್ತು. ಅಂಥ ಅರವತ್ತು ಹಲಗೆಗಳಾದವು. ಆಮೇಲೆ ಮೇಲಿನವರು ಯೋಜನೆ ನಿಲ್ಲಿಸಿದರು. ಹಲಗೆಗಳು ಅಲ್ಲಿ ಇಲ್ಲಿ ಮೂಲೆ ಸೇರಿದವು.

ಪ್ರಭುಲಿಂಗ ಕೆಲಸ ಬಿಡುವುದೆಂದು ನಿಶ್ಚಯಿಸಿದ. ಸೂಜಿ ಹಿಡಿಯುವವರು ಇರುವ ಕಡೆಗೇ ಹೋಗಿ ಇರುತ್ತೇನೆ ಎಂದ. ಕ್ಯಾಂಟೀನಿನಲ್ಲಿ ಗಿರ್ಮಿಟ್ ತಿನ್ನುತ್ತ, ತಟ್ಟೆಯಿಂದ ತಲೆ ಎತ್ತದೆ, “ನೀವೂ ಬರ್ತೀರೇನು?” ಎಂದು ಕೇಳಿದ. ದಾಕ್ಷಾಯಣಿಯ ತಂದೆ ಆಗ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಅವಳು ಒಂದೇ ಮಾತಿನಲ್ಲಿ ಉತ್ತರ ಹೇಳಿದಳು. ಹೇಳಿ, ಇವನು ಇನ್ನೊಮ್ಮೆ ಕೇಳುತ್ತಾನೆ ಎಂದು ಕಾದಳು. ನಮ್ಮಲ್ಲಿ ಊಟಕ್ಕೆ ಕೂತವರು ಮೊದಲು ಸಾಕು ಅನ್ನುತ್ತಾರೆ, ಬಡಿಸುವವರು ಇನ್ನೊಮ್ಮೆ ಕೇಳುತ್ತಾರೆ, ಆಗ ತಟ್ಟೆಯ ಮೇಲಿನ ಕೈ ಸರಿಯುತ್ತದೆ. ಪ್ರಭುಲಿಂಗ ಇನ್ನೊಮ್ಮೆ ಕೇಳಲಿಲ್ಲ. ಮುಂದಿನ ಸೋಮವಾರ ಅವನ ಮೇಜು ಖಾಲಿ ಇತ್ತು, ಫೋನು ಬಂದ್ ಆಗಿತ್ತು. ಹುಡುಕಲು ಮೊದಮೊದಲು ತಂದೆಯ ಕಾಯಿಲೆ ಅಡ್ಡ ಬಂತು. ಆಮೇಲೆ ಸೊಕ್ಕು ಅಡ್ಡ ಬಂತು.

“ನಿನಗ ಅಂವ ಬೇಕಾಗಿದ್ದ,” ಎಂದಳು ಗಂಗಕ್ಕ.

“ಬೇಕಾಗಿದ್ದ.”

“ಈಗ?”

“ಈಗೂ ಬೇಕು ಅಕ್ಕಾ. ದಿನಾ ಬೇಕು ಅನಸ್ತೈತಿ. ರೂಢಿ ಆಗೇತಿ, ಅದಕ್ಕ ಅಳೂದಿಲ್ಲ ಅಷ್ಟ.”

ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು. ಗಂಗಕ್ಕ ಅದನ್ನು ತೆಗೆದು ಬದಿಗಿಟ್ಟು ಹೊಸ ಹಿಟ್ಟು ನಾದಿದಳು.

ಬಳಕೆಯಲ್ಲಿರುವ ಡ್ರೈವರನ್ನು ತೆಗೆಯಬೇಕಾದರೆ ಹದಿನೈದು ದಿನ ಮೊದಲು ಆ ಯಂತ್ರಗಳಿಗೆ ನೋಟೀಸು ಕೊಡಬೇಕು. ಯಂತ್ರ ಅದನ್ನು ದಿನಾ ಗಟ್ಟಿಯಾಗಿ ಓದಿ ಹೇಳುತ್ತದೆ, ಬೇಕು ಅನ್ನುವವರು ಕಚೇರಿಗೆ ಫೋನು ಮಾಡಬಹುದು. ದಾಕ್ಷಾಯಣಿ ಕಸೂತಿ ಹಲಗೆಗೆ ನೋಟೀಸು ಬರೆದಳು. ಸರಕಾರಿ ನಮೂನೆ ಬಿಟ್ಟು ಒಂದಕ್ಷರವನ್ನೂ ಸೇರಿಸಲಿಲ್ಲ.

ಒಂದು ವಾರ ಹೋಯಿತು. ಫೋನು ಬರಲಿಲ್ಲ. ದಿನಾ ಮುಂಜಾನೆ ಎಂಟಕ್ಕೆ ಅವಳು ಮೊದಲು ಆ ಸಾಲು ನೋಡುವಳು. ಐದಕ್ಕಿಂತ ಕಡಿಮೆ, ಒಂದು ಸಲ. ಯಾರೋ ಸಂಜೆ ಕೆಲಸವೆಲ್ಲ ಮುಗಿಸಿ ಕೂತು ನಾಲ್ಕು ಎಳೆ ಕಸೂತಿ ಹಾಕುತ್ತಿದ್ದಾರೆ. ಆ ದಪ್ಪ ಬೆರಳುಗಳೇ ಅವು ಎಂದು ಅವಳಿಗೆ ಅನಿಸುವುದು. ಹುಚ್ಚು ಎಂದು ತನ್ನನ್ನೇ ಬೈದುಕೊಳ್ಳುವಳು, ಮರುದಿನ ಏಳೂಮುಕ್ಕಾಲಿಗೇ ಕಚೇರಿಯಲ್ಲಿರುವಳು.

ದೇಸಾಯಿಗೆ ನೋಡಿ ನೋಡಿ ತಡೆಯದಾಯಿತು. “ಮೇಡಮ್, ಒಂದ ಆಜ್ಞಾ ಸಾಕು. ‘ಐದಕ್ಕಿಂತ ಕಡಿಮಿ’ ಅನ್ನೂ ಮುಸುಕು ತಗದ್ರ ಊರು, ಓಣಿ, ಮನಿ ಎಲ್ಲಾ ಬರ್ತದ. ನಾ ಚಹಾ ಕುಡೀಲಿಕ್ಕೆ ಹೋಗ್ತೇನಿ. ಬರ್ಲಿಕ್ಕೆ ಅರ್ಧಾ ತಾಸರ ಆಗ್ತದ.” ಹೇಳಿ ನಿಜಕ್ಕೂ ಹೋದ, ಬಾಗಿಲನ್ನೂ ಎಳೆದುಕೊಂಡ.

ದಾಕ್ಷಾಯಣಿ ಆಜ್ಞೆ ಟೈಪು ಮಾಡಿದಳು. ಒತ್ತಿದರೆ ಮುಗಿಯಿತು. ಆದರೆ ಈ ಮುಸುಕು ಬಂದದ್ದು ಯಾಕೆ ಎಂಬುದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮೊರ ಶುರುವಾದ ವರ್ಷ ಒಬ್ಬ ಗೃಹಸ್ಥ ಇದೇ ಪಟ್ಟಿ ಹಿಡಿದು, ಅಪರೂಪದ ಒಂದು ಶ್ರವಣಯಂತ್ರದ ಡ್ರೈವರಿನ ಜಾಡಿನಲ್ಲಿ, ತನ್ನನ್ನು ಬಿಟ್ಟು ಹೋಗಿದ್ದ ಹೆಂಡತಿಯ ಬಾಗಿಲಿಗೆ ಹೋಗಿ ನಿಂತಿದ್ದ. ಪ್ರೀತಿಗಾಗಿ ಹುಡುಕಿದೆ ಎಂದು ಪೊಲೀಸರ ಮುಂದೆ ಅವನೂ ಹೇಳಿದ್ದ. ಆ ಹೆಣ್ಣುಮಗಳು ಕಚೇರಿಗೆ ಬಂದು ದಾಕ್ಷಾಯಣಿಯ ಇದೇ ಮೇಜಿನ ಮುಂದೆ ಕೂತು, ನನ್ನ ಊರು ಹೇಳಿದವರು ಯಾರು ಎಂದು ಕೇಳಿದ್ದಳು.

ದಾಕ್ಷಾಯಣಿ ಆಜ್ಞೆಯನ್ನು ಅಳಿಸಿದಳು. ದೇಸಾಯಿ ಮರಳಿ ಬಂದಾಗ ಅವನನ್ನು ನೋಡದೆಯೇ, “ಚಹಾ ಹ್ಯಾಂಗಿತ್ತು?” ಎಂದು ಕೇಳಿದಳು.

“ಸಪ್ಪಗಿತ್ರಿ,” ಎಂದ ಅವನು.

ಒಂಬತ್ತನೆಯ ದಿನ ಫೋನು ಬಂತು.

“ಇದು ಡ್ರೈವರ್ ಆಫೀಸೇನ್ರಿ? ನಾ ನರಗುಂದದಿಂದ ಕಾಶವ್ವ ಮಾತಾಡೂದು, ಹೊಲಿಗಿ ಕೇಂದ್ರದಾಕಿ. ನಮ್ಮ ಯಂತ್ರ ಎಂಟ ದಿನಾತು ಒಂದ ಸವನ ಹೇಳಾಕತ್ತೈತಿ, ಹಲಗಿ ತಗೀತೀವಿ ತಗೀತೀವಿ ಅಂತ. ಮುಂದ ನಿಲ್ಲತೈತಿ ಬಿಡು ಅಂತ ಸುಮ್ಕಿದ್ನಿ. ತಗೀಬ್ಯಾಡ್ರಿ ಯವ್ವಾ, ಕಮ್ಮಾರ ಸರ್ ಹೇಳ್ಯಾರ.”

ದಾಕ್ಷಾಯಣಿ ಫೋನನ್ನು ಎರಡೂ ಕೈಯಿಂದ ಹಿಡಿದಳು. “ಸರ್ ಅಲ್ಲೇ ಅದಾರೇನ್ರಿ?”

“ಏನಂದ್ರಿ? ಮಿಷನ್ ಸಪ್ಪಳಕ್ಕ ಕೇಳವಲ್ದು. ಬರ್ರಿ ನೀವು, ಬಂದ್ರ ಎಲ್ಲಾ ಹೇಳ್ತೀನಿ,” ಎಂದು ಆಕೆ ಫೋನು ಇಟ್ಟಳು.

ಮರುದಿನ ದಾಕ್ಷಾಯಣಿ ಬಸ್ಸು ಹತ್ತಿದಳು. ಹೊರಡುವಾಗ ಗಂಗಕ್ಕ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಕೊಟ್ಟಿದ್ದಳು. ದಾಕ್ಷಾಯಣಿ ಬೇಡ ಎಂದು ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಉಟ್ಟುಕೊಂಡಿದ್ದಳು. ನವಲಗುಂದ ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ಕಡಲೆ ಕಿತ್ತು ಒಟ್ಟಿದ್ದ ಗುಪ್ಪೆಗಳು. ನರಗುಂದದ ಗುಡ್ಡ ಕಾಣಿಸಿದಾಗ ಹದಿನೆಂಟರ ಹುಡುಗಿಯ ಹಾಗೆ ಅವಳು ಸೆರಗು, ನಿರಿಗೆ ಸರಿಮಾಡಿಕೊಂಡಳು. ಈ ವಯಸ್ಸಿನಲ್ಲಿ ಇದೇನು ಎಂದು ನಾಚಿಕೆಯೂ ಆಯಿತು.

ಹೊಲಿಗೆ ಕೇಂದ್ರ ಹಳೆಯ ಸೊಸೈಟಿ ಗೋದಾಮಿನಲ್ಲಿತ್ತು. ಆರು ಹೊಲಿಗೆ ಮಿಷನ್, ಗೋಡೆಗೆ ಒಂದು ಯಂತ್ರ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಕಾಶವ್ವ. ಗಂಡಸರು ಯಾರೂ ಇರಲಿಲ್ಲ. ಯಂತ್ರದ ಪಕ್ಕದಲ್ಲಿ, ಒಂದು ಖಣದ ತುಂಡಿನ ಕೆಳಗೆ, ಹಲಗೆ ಇತ್ತು. ವೈರು ಚುಚ್ಚಿಯೇ ಇತ್ತು. ದಾಕ್ಷಾಯಣಿ ಖಣ ಸರಿಸಿ ಬೆರಳಾಡಿಸಿದಳು. ಬೆರಳಿಗೆ ಧೂಳು ಹತ್ತಿತು.

“ಇದನ್ನ ಯಾರು ಬಳಸ್ತಾರ್ರಿ?”

“ಯಾರೂ ಇಲ್ರಿ. ಸರ್ ಹೋದಮ್ಯಾಲೆ ಯಾರೂ ಮುಟ್ಟಿಲ್ಲ. ನಾಕ ವರ್ಷಾತು.”

“ಹೋದಮ್ಯಾಲೆ ಅಂದ್ರ?”

“ಅಯ್ಯ, ಕೆಟ್ಟದ್ದ ತಿಳೀಬ್ಯಾಡ್ರಿ. ಅರಾಮ ಇದ್ರು. ಊರು ಬಿಟ್ಟ ಹೋದ್ರು, ತಂಗಿ ಮನಿಗಂತ. ಯಾವೂರು ಅಂತ ಹೇಳಲಿಲ್ಲ.”

ದಾಕ್ಷಾಯಣಿ ಕೂತಳು. ಯಾರೂ ಮುಟ್ಟದ ಹಲಗೆಯ ಲೆಕ್ಕ ದಿನಾ ಸಂಜೆ ಬರುತ್ತಿತ್ತು. ಅವಳೊಳಗಿನ ಹೆಂಗಸಿಗೆ ಮರಳುವ ಬಸ್ಸು ಹಿಡಿದರೆ ಸಾಕೆನಿಸಿತ್ತು, ಅವಳೊಳಗಿನ ಇಂಜಿನಿಯರಿಗೆ ಲೆಕ್ಕ ತಾಳೆಯಾಗಿರಲಿಲ್ಲ. ಸಂಜೆಯವರೆಗೂ ಕೂತು ನೋಡುತ್ತೇನೆ ಎಂದಳು. ಕಾಶವ್ವ ಮಿರ್ಚಿ ತರಿಸಿದಳು.

ಆರೂ ನಲವತ್ತಕ್ಕೆ ಹೆಂಗಸರೆಲ್ಲ ಎದ್ದು ಹೋದರು. ಕಾಶವ್ವ ಕಿಟಕಿ ಹಾಕಿದಳು, ಕಸ ಗುಡಿಸಿದಳು. ಯಂತ್ರದ ಮುಂದೆ ನಿಂತು ಮನೆಮಗಳಿಗೆ ಹೇಳುವ ಹಾಗೆ, “ಹೋಗಿ ಬಾರವ್ವಾ,” ಎಂದಳು. ಯಂತ್ರ ಗುಂಯ್ ಎಂದು ಆರಿತು. ಕಾಶವ್ವ ಬಾಗಿಲ ಕಡೆ ತಿರುಗಿದಳು. ಅವಳ ಬೆನ್ನ ಹಿಂದೆ ಯಂತ್ರ ಮತ್ತೆ ಹೊತ್ತಿಕೊಂಡಿತು. ‘ಸಂಪಿಗೆ ಸಿದ್ಧವಿದೆ’ ಎಂದು ಸಣ್ಣ ದನಿಯಲ್ಲಿ ಹೇಳಿತು. ಹಲಗೆಯ ದೀಪ ಒಮ್ಮೆ ಮಿನುಗಿತು.

ದಾಕ್ಷಾಯಣಿ ಮೊದಲು ನಕ್ಕಳು. ನಗುತ್ತಿರುವಾಗಲೇ ಕಣ್ಣಲ್ಲಿ ನೀರು ಬಂತು. ಯಂತ್ರಗಳಿಗೆ ಮಾತು ಕಲಿಸಿದವರಲ್ಲಿ ಅವಳೂ ಒಬ್ಬಳು. ‘ಹೋಗು’ ಎಂದರೆ ಆರಬೇಕು, ‘ಬಾ’ ಎಂದರೆ ಹೊತ್ತಬೇಕು. ‘ಹೋಗಿ ಬಾ’ ಎಂದರೆ ಆರಿ ಹೊತ್ತಬೇಕು. ಹತ್ತು ನಿಮಿಷ ಯಾರೂ ಮಾತಾಡಿಸದಿದ್ದರೆ ಯಂತ್ರ ತಾನೇ ಮಲಗುತ್ತಿತ್ತು, ಹೀಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಆರಿ ಹೊತ್ತಿದಾಗಲೆಲ್ಲ ಚುಚ್ಚಿಟ್ಟ ಸಾಧನಗಳ ಡ್ರೈವರುಗಳೂ ಎದ್ದು ಹಾಜರಿ ಹೇಳುತ್ತಿದ್ದವು. ಮೊರ ಅದನ್ನು ಬಳಕೆ ಎಂದು ಬರೆದುಕೊಳ್ಳುತ್ತಿತ್ತು.

“ಅದಕ್ಕ ಹೋಗು ಅಂತ ಅಷ್ಟ ಹೇಳಬೇಕ್ರಿ ಕಾಶವ್ವ.”

“ದೀಪ ಹಚ್ಚೂ ಹೊತ್ತಿನ್ಯಾಗ ಹೋಗು ಅಂತ ಹ್ಯಾಂಗ ಅನ್ನೂದ್ರಿ? ಮುಂಜಾನಿಂದ ದುಡದೈತಿ ಅದು. ನಿಮ್ಮ ಬಾಯಾಗರ ಬರ್ತೈತೇನು?”

ದಾಕ್ಷಾಯಣಿಯ ಬಾಯಲ್ಲೂ ಬರಲಿಲ್ಲ. ನಲವತ್ತು ಲಕ್ಷ ಯಂತ್ರಗಳ ಮುಂದೆ ಸಂಜೆ ಯಾರು ತಾನೇ ‘ಹೋಗು’ ಎಂದಾರು? ಸೊನ್ನೆ ಯಾಕಿಲ್ಲ ಎಂಬುದು ಈಗ ತಿಳಿಯಿತು.

ಕಾಶವ್ವ ಬಾಗಿಲಿಗೆ ಬೀಗ ಹಾಕಲಿಲ್ಲ. ಮರಳಿ ಬಂದು ಎದುರಿಗೆ ಕೂತಳು. “ನೀವ ಬೆಲ್ಲದ ಮೇಡಮ್ ಏನ್ರಿ?”

“ಹೌದ್ರಿ. ಹೆಸರು ಹ್ಯಾಂಗ ಗೊತ್ತಾತು?”

“ಸರ್ ಹನ್ನೊಂದ ವರ್ಷ ಇಲ್ಲಿದ್ರು. ಇಲ್ಲಿದ್ದಷ್ಟೂ ದಿನ ಸಂಜಿಗೆ ಆ ಹಲಗಿ ಚುಚ್ಚಿ ನಾಕ ಎಳಿ ಹಾಕೇ ಮನಿಗೆ ಹೋಗವ್ರು. ಯಾಕ್ರಿ ಸರ್ ಅಂದ್ರ, ಇದರದೊಂದ ಸಾಲು ಮುಂಜಾನಿ ಧಾರವಾಡದಾಗ ಬರ್ತೈತಿ ಕಾಶವ್ವ, ಬೆಲ್ಲದ ಮೇಡಮ್ ನೋಡ್ತಾರ ಅನ್ನವ್ರು. ಅವ್ರ್ಯಾಕ ನೋಡ್ತಾರ್ರಿ ಅಂದ್ರ, ನಾ ಕೇಳಿದಾಗ ಅವ್ರು ನೋಡೋಣ ಅಂದಾರ, ಅನ್ನವ್ರು.”

ನೋಡೋಣ. ಆ ದಿನ ಕ್ಯಾಂಟೀನಿನಲ್ಲಿ ದಾಕ್ಷಾಯಣಿ ಹೇಳಿದ್ದು ಅದೊಂದೇ ಮಾತು. ಇಲ್ಲ ಅನ್ನಲು ಸಂಕೋಚವಾದವರು ನಮ್ಮಲ್ಲಿ ನೋಡೋಣ ಅನ್ನುತ್ತಾರೆ. ಸಾಲ ಕೇಳಿದವರಿಗೆ, ವರ ತೋರಿಸಿದವರಿಗೆ ನೋಡೋಣ ಎಂದರೆ ಆ ಮಾತು ಮುಗಿದಂತೆ. ಅವನು ಅದನ್ನು ಇಲ್ಲ ಎಂದೇ ತಿಳಿದು ಎದ್ದು ಹೋದ ಎಂದು ಅವಳು ಹತ್ತೊಂಬತ್ತು ವರ್ಷ ತನ್ನ ನಾಲಗೆಯನ್ನು ಶಪಿಸಿಕೊಂಡಿದ್ದಳು. ಅವನು ಆ ಮಾತನ್ನು ಇದ್ದ ಹಾಗೇ ತೆಗೆದುಕೊಂಡಿದ್ದ. ಅವಳು ನೋಡಲಿ ಎಂದು ದಿನಾ ಅವಳ ಕಣ್ಣ ಮುಂದೆ ಒಂದು ಸಾಲು ಇಟ್ಟಿದ್ದ. ಅವಳು ನೋಡಿರಲಿಲ್ಲ.

“ಆಮ್ಯಾಲೆ ಯಾಕ ಹೋದ್ರು?” ಎಂದು ಕೇಳಿದಳು.

“ಒಂದಿನ ಹಲಗಿ ಚುಚ್ಚಲೇ ಇಲ್ಲ. ಇನ್ನ ಸಾಕು ಕಾಶವ್ವ, ಅವ್ರು ನೋಡಿ ಸುಮ್ಮನಾಗ್ಯಾರ ಅಂತ ಅನಸ್ತೈತಿ ಅಂದ್ರು. ಎರಡ ಹಲಗಿ ಇದ್ವು. ಒಂದ ತಾವು ಒಯ್ದರು. ಇದನ್ನ ಯಂತ್ರಕ್ಕ ಚುಚ್ಚಿಟ್ಟು, ಇದು ಹಿಂಗ ಇರ್ಲಿ, ತಗೀಬ್ಯಾಡ ಅಂದ್ರು. ಅಕಸ್ಮಾತ್ ಯಾರರ ಕೇಳ್ಕೊಂಡ ಬಂದ್ರ ಕೊಡು ಅಂದ್ರು.” ಕಾಶವ್ವ ವೈರು ಕಿತ್ತು, ಹಲಗೆಯನ್ನು ಅದೇ ಖಣದಲ್ಲಿ ಸುತ್ತಿ ಅವಳ ಉಡಿಯಲ್ಲಿಟ್ಟಳು. “ತಡಾ ಮಾಡಿದ್ರಿ ನೋಡ್ರಿ ಯವ್ವಾ.”

ಮರುದಿನ ಕಚೇರಿಯಲ್ಲಿ, ಮೊರದ ಲೆಕ್ಕ ಕೇರುವ ಕೋಣೆಯಲ್ಲಿ, ದಾಕ್ಷಾಯಣಿ ನಡೆದದ್ದನ್ನು ಹೇಳಿದಳು. ಹಲಗೆಯ ಕಥೆ ಹೇಳಲಿಲ್ಲ, ‘ಹೋಗಿ ಬಾ’ ಎಂಬುದರ ಕಥೆ ಹೇಳಿದಳು. ದೇಸಾಯಿ ಬಿದ್ದು ಬಿದ್ದು ನಕ್ಕ. “ಅಂದ್ರ ಇಷ್ಟ ವರ್ಷ ನಾವು ಡ್ರೈವರ್ ಎಣಿಸಿಲ್ಲ ಮೇಡಮ್, ಮಂದೀ ಮರ್ಯಾದಿ ಎಣಿಸೇವಿ!”

ಎರಡು ತಿದ್ದುಪಡಿಗಳಾದವು. ಇನ್ನು ಮೇಲೆ ‘ಹೋಗಿ ಬಾ’ ಎಂದರೆ ಯಂತ್ರ ಆರಿ ಮುಂಜಾನೆಯವರೆಗೂ ಮಲಗಬೇಕು. ಸುಮ್ಮನೆ ಎದ್ದು ಹಾಜರಿ ಹೇಳಿದ ಡ್ರೈವರಿಗೆ ಲೆಕ್ಕವಿಲ್ಲ. ಮನುಷ್ಯರ ಕೈ ಸಾಧನವನ್ನು ಚುಚ್ಚಬೇಕು ಇಲ್ಲವೇ ಬಳಸಬೇಕು, ಆಗಲೇ ಒಂದು ಎಣಿಕೆ. ತಿದ್ದಿದ ಮೊರವನ್ನು ಎರಡು ವಾರ ಓಡಿಸಿದಾಗ ಮೂವತ್ತೇಳು ಡ್ರೈವರುಗಳು ಸೊನ್ನೆಗೆ ಬಂದು ನಿಂತವು. ಕೂಸಿನ ಉಸಿರಿನ ಪಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚು ಜಾಗ ಸಿಕ್ಕಿತು. ಕಸೂತಿ ಹಲಗೆಯೂ ಸೊನ್ನೆಯಲ್ಲಿತ್ತು.

“ಅದೊಂದು ಇರ್ಲಿ ಬಿಡ್ರಿ,” ಎಂದ ದೇಸಾಯಿ, ಅವಳ ಮುಖ ನೋಡದೆ. “ಜಾಗಾ ಹ್ಯಾಂಗೂ ಅದ ಅಲ್ರಿ.”

“ಇಟ್ರ ನಾ ಏನೂ ಹೇಳಿಧಂಗ ಆಗೂದಿಲ್ರಿ ದೇಸಾಯಿ. ತಗದ್ರ ಕಾರಣ ಬರಿಯಾಕ ಒಂದ ಸಾಲು ಸಿಗ್ತೈತಿ.”

ತೆಗೆದ ಪ್ರತಿಯೊಂದು ಡ್ರೈವರಿಗೂ ಕಾರಣ ಬರೆದು ಸಹಿ ಹಾಕಬೇಕು, ಹೊಸ ತಿರುಳು ಇಳಿದ ದಿನ ಅದನ್ನು ಪ್ರತಿ ಯಂತ್ರವೂ ತೋರಿಸಬೇಕು ಎಂಬುದು ಪದ್ಧತಿ. ‘ಬಳಕೆ ಇಲ್ಲ’ ಎಂದು ಮೂವತ್ತಾರು ಕಡೆ ಬರೆದ ದಾಕ್ಷಾಯಣಿ ಮೂವತ್ತೇಳನೆಯದಕ್ಕೆ ಹೀಗೆ ಬರೆದಳು. ‘ಕಸೂತಿ ಹಲಗೆ. ಬರೆದವರು, ಪ್ರಭುಲಿಂಗ ಕಮ್ಮಾರ. ತೆಗೆಯಲು ಕಾರಣ, ನೋಡಬೇಕಾದವಳು ಸಕಾಲಕ್ಕೆ ನೋಡಲಿಲ್ಲ. ನರಗುಂದದ ಹಲಗೆ ಈಗ ನನ್ನ ಹತ್ತಿರ ಇದೆ. ದಾಕ್ಷಾಯಣಿ ಬೆಲ್ಲದ.’

ಯುಗಾದಿಯ ಮರುದಿನ ನಲವತ್ತು ಲಕ್ಷ ಯಂತ್ರಗಳು ಆ ಸಾಲನ್ನು ತೋರಿಸಿದವು. ಬಹಳ ಮಂದಿ ಓದದೆ ಮುಂದೆ ಸಾಗಿದರು. ಓದಿದವರು ಯಾವುದೋ ಸರಕಾರಿ ತಪ್ಪೊಪ್ಪಿಗೆ ಇರಬೇಕು ಅಂದುಕೊಂಡರು. ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಒಂದು ಪತ್ರ ಬಂತು. ದಾಕ್ಷಾಯಣಿ ಅದಕ್ಕೆ, ಬರೆದದ್ದೆಲ್ಲ ನಿಜ ಎಂದು ಉತ್ತರಿಸಿದಳು.

ಹದಿನೇಳನೆಯ ದಿನ ಮುಂಜಾನೆ ಎಂಟಕ್ಕೆ, ಅಡಿಗೆಮನೆಯ ಕಟ್ಟೆಯ ಮೇಲಿನ ಯಂತ್ರದಲ್ಲಿ ಅವಳು ದಿನದ ಪಟ್ಟಿ ತೆರೆದಳು. ಡ್ರೈವರ್ ಇಲ್ಲದ ಸಾಧನವನ್ನು ಯಾರಾದರೂ ಚುಚ್ಚಿದರೆ ಅದು ಪಟ್ಟಿಯ ಕೊನೆಯಲ್ಲಿ, ‘ಗುರುತು ಸಿಗದ ಸಾಧನಗಳು’ ಎಂಬಲ್ಲಿ, ಬರಿಯ ಸಂಕೇತ ಸಂಖ್ಯೆಯಾಗಿ ಬರುತ್ತದೆ. ಅಲ್ಲಿ ಒಂದು ಸಂಖ್ಯೆ ಇತ್ತು. ಅವಳು ಎದ್ದು ಹೋಗಿ ಖಣ ಬಿಚ್ಚಿ ಹಲಗೆಯ ಬೆನ್ನು ನೋಡಿದಳು. ಎಲ್ಲ ಕಸೂತಿ ಹಲಗೆಗಳಿಗೂ ಇರುವ ಅದೇ ಸಂಖ್ಯೆ. ಆದರೆ ಅವಳ ಹಲಗೆ ನರಗುಂದದಿಂದ ಬಂದಾಗಿನಿಂದ ಪೆಟ್ಟಿಗೆಯಲ್ಲೇ ಇತ್ತು.

‘ಯಂತ್ರ, ಐದಕ್ಕಿಂತ ಕಡಿಮೆ. ಎಣಿಕೆ, ಒಂದು.’

“ಅಕ್ಕಾ,” ಎಂದಳು. ತೆರೆಯ ಕಡೆ ಬೆರಳು ಮಾಡಿದಳು. ಗಂಗಕ್ಕ ಬಂದು ತೆರೆ ನೋಡಿದಳು. ಏನೂ ತಿಳಿಯದೆ ತಂಗಿಯ ಮುಖ ನೋಡಿದಳು, ಆಗ ಎಲ್ಲ ತಿಳಿಯಿತು.

“ಎಲ್ಲಿ ಅದಾನಂತ?”

“ಗೊತ್ತಿಲ್ಲ. ಗೊತ್ತ ಮಾಡ್ಕೊಳ್ಳಾಕ ಬರಂಗಿಲ್ಲ.”

“ಬೆಂಕಿ ಹಚ್ಚು ನಿಮ್ಮ ಕಾನೂನಿಗೆ.”

“ಇರ್ಲಿ ಅಕ್ಕಾ. ಪಟ್ಟಿ ಅವರೂ ನೋಡ್ತಾರ.”

ಆ ಸಂಜೆ ಆರೂ ನಲವತ್ತಕ್ಕೆ ದಾಕ್ಷಾಯಣಿ ತನ್ನ ಹಲಗೆಯನ್ನು ಒಮ್ಮೆ ಚುಚ್ಚಿ ತೆಗೆದಳು. ಈ ಸಾಧನದ ಗುರುತು ಸಿಗುತ್ತಿಲ್ಲ ಎಂದಿತು ಯಂತ್ರ. ಮರುದಿನ ಮುಂಜಾನೆ ಎಣಿಕೆ ಎರಡು. ಅವನದೊಂದು, ಅವಳದೊಂದು. ಹಿಂದಾಗಿದ್ದರೆ ಇದೂ ಯಾರದೋ ಮರ್ಯಾದೆಯ ಮಾತಿನ ಎಣಿಕೆ ಇದ್ದೀತು ಎಂಬ ಸಂಶಯ ಬರುತ್ತಿತ್ತು. ಈಗ ಪ್ರತಿ ಎಣಿಕೆಯ ಹಿಂದೆ ಒಂದು ಕೈ ಇರಲೇಬೇಕು. ಎರಡನೆಯ ಸಂಜೆಯೂ ಅವಳು ಒಮ್ಮೆ ಮಾತ್ರ ಚುಚ್ಚಿದಳು.

ಮೂರನೆಯ ಮುಂಜಾನೆ ಗಂಗಕ್ಕ ಚಹಾದ ಕಪ್ಪು ಹಿಡಿದು ಅವಳಿಗಿಂತ ಮೊದಲೇ ಯಂತ್ರದ ಮುಂದೆ ನಿಂತಿದ್ದಳು. ಗಂಟೆ ಎಂಟಾಯಿತು. ಪಟ್ಟಿ ಬಂತು.

“ಎಷ್ಟ ಐತಬೇ?”

“ಮೂರು,” ಎಂದಳು ದಾಕ್ಷಾಯಣಿ. “ನಾ ಒಂದ ಸಲ ಚುಚ್ಚಿದ್ದೆ ಅಕ್ಕಾ. ಅವರು ಎರಡನೇ ಸಲ ಕೇಳಾಕತ್ತಾರ.”

ಅವಳು ಸಂಜೆಗೆ ಕಾಯಲಿಲ್ಲ. ಕಟ್ಟೆಯ ಮೇಲಿದ್ದ ಹಲಗೆಯನ್ನು ಎತ್ತಿಕೊಂಡು ಆಗಲೇ ಚುಚ್ಚಿದಳು.